ಹೊಸ ಗಿಟಾರು, ಏರಿದ ಗಾಂಧಾರ

ಆಟಿ ತಿಂಗಳ ಒಂದು ಮಧ್ಯಾಹ್ನ, ಮಳೆ ಧೋ ಎಂದು ಸುರಿಯುತ್ತಿರುವಾಗ, ಪುತ್ತೂರಿನ ನಮ್ಮ ಮನೆಯ ಜಗಲಿಗೆ ಮಗಳ ಭುಜದೆತ್ತರದ ರಟ್ಟಿನ ಪೆಟ್ಟಿಗೆಯೊಂದು ಬಂದಿಳಿಯಿತು. ತಂದ ಹುಡುಗ ತಾನು ನೆನೆದರೂ ಪೆಟ್ಟಿಗೆ ನೆನೆಯದಂತೆ ತನ್ನ ರೈನ್‌ಕೋಟನ್ನು ಅದಕ್ಕೆ ಹೊದಿಸಿದ್ದ. ಒಳಗಿದ್ದದ್ದು ಎಲೆಕ್ಟ್ರಿಕ್ ಗಿಟಾರು. ಒಂಬತ್ತನೇ ಕ್ಲಾಸಿನ ಮಗಳು ಎರಡು ವರ್ಷ ಕೂಡಿಸಿದ ದುಡ್ಡು, ಅದಕ್ಕೆ ಅಜ್ಜಿ ಸೇರಿಸಿದ ಪಿಂಚಣಿಯ ಪಾಲು, ಕೊನೆಗೆ ಉಳಿದ ಕೊರತೆಗೆ ನನ್ನದು. ಒಟ್ಟು 16 ಸಾವಿರ ರೂಪಾಯಿ.

ಹೊರಗಿನ ತಂಪಿನಿಂದ ಬಂದ ಮರದ ವಾದ್ಯವನ್ನು ಕೂಡಲೇ ಬಿಚ್ಚಬಾರದು, ಮನೆಯ ಹವೆಗೆ ಹೊಂದಿಕೊಳ್ಳಲು ಪೆಟ್ಟಿಗೆಯಲ್ಲೇ ನಾಲ್ಕೈದು ಗಂಟೆ ಬಿಡಬೇಕು ಎಂದು ಆಮೇಲೆ ತಿಳಿಯಿತು. ನಮ್ಮಲ್ಲಿ ಅದು ನಾಲ್ಕೈದು ನಿಮಿಷವೂ ಉಳಿಯಲಿಲ್ಲ. ಅಂಟುಪಟ್ಟಿ ಕೊಯ್ಯಲು ಅಡುಗೆಮನೆಯ ಚೂರಿಯೇ ಬಂತು.

ಮಗಳು ಅದುವರೆಗೆ ಕಲಿತದ್ದು ಎರವಲು ತಂದ ಹಳೆಯ ಅಕೂಸ್ಟಿಕ್ ಗಿಟಾರಿನಲ್ಲಿ. ಟೊಳ್ಳು ಹೊಟ್ಟೆಯ, ಕಬ್ಬಿಣದಂತೆ ಬಿಗಿದ ತಂತಿಗಳ ಗಿಟಾರು ಅದು. ಅದರಲ್ಲಿ ಒಂದು ವರ್ಷ ಉಜ್ಜಿ ಬೆರಳ ತುದಿಗಳು ಗಟ್ಟಿಯಾಗಿದ್ದವು. ಹೊಸದರ ಮೇಲೆ ಕೈಯಿಟ್ಟೊಡನೆ, "ಅಪ್ಪಾ, ಇದು ನೂಲಿನ ಹಾಗಿದೆ!" ಎಂದಳು. ಹೌದು, ಬಹುತೇಕ ನೂಲೇ. ಎಲೆಕ್ಟ್ರಿಕ್ ಗಿಟಾರಿನ ಅತಿ ತೆಳುವಾದ ತಂತಿಯ ದಪ್ಪ ಸಾಮಾನ್ಯವಾಗಿ 0.23 ಮಿಲಿಮೀಟರ್. ಆರೂ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ಒಟ್ಟಾಗಿ ಎಳೆಯುವ ಬಲ ಸುಮಾರು 38 ಕಿಲೋದಷ್ಟು. ಅಕೂಸ್ಟಿಕ್‌ನಲ್ಲಿ ಅದು 70 ಕಿಲೋ ದಾಟುತ್ತದೆ. ಅಕ್ಕಿ ಮೂಟೆ ಹೊತ್ತು ಅಭ್ಯಾಸವಾದವನ ತಲೆಗೆ ತರಕಾರಿ ಬುಟ್ಟಿ ಇಟ್ಟ ಹಾಗೆ.

ಮೊದಲ ವಾರ ಮನೆಯಲ್ಲಿ ಹಬ್ಬ. ಗಿಟಾರು ಮಾತ್ರ ಗಳಿಗೆಗೊಮ್ಮೆ ಶ್ರುತಿ ಬಿಡುತ್ತಿತ್ತು. ಅದಕ್ಕೆ ಯಾರೂ ಹೆದರಬೇಕಿಲ್ಲ. ಹೊಸ ತಂತಿ ಹಿಗ್ಗುತ್ತದೆ, ಬಿರಡೆಗೆ ಸುತ್ತಿದ ಸುತ್ತುಗಳು ಬಿಗಿದು ಕೂರಲು ಸಮಯ ಬೇಕು. ತಂತಿಯ ನಡುವೆ ಬೆರಳು ಸಿಕ್ಕಿಸಿ ಮೆಲ್ಲಗೆ ಮೇಲಕ್ಕೆಳೆದು, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆದು, ಹೀಗೆ ಮೂರು ನಾಲ್ಕು ಸಲ ಮಾಡಿದರೆ ಹಠ ಬಿಡುತ್ತದೆ. ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬರಬೇಕು. ಏರಿಹೋದರೆ ಪೂರ್ತಿ ಇಳಿಸಿ ಮತ್ತೆ ಏರಿಸಬೇಕು, ಇಲ್ಲದಿದ್ದರೆ ಬಿರಡೆಯಲ್ಲಿ ಉಳಿದ ಸಡಿಲು ಐದು ನಿಮಿಷದಲ್ಲಿ ಜಾರಿ ಸ್ವರ ಇಳಿಯುತ್ತದೆ. ಇದನ್ನೆಲ್ಲ ಅವಳೇ ಕಲಿತುಕೊಂಡಳು.

ತೊಡಕು ಶುರುವಾದದ್ದು ಒಂಬತ್ತನೆಯ ದಿನ.

ಆರೂ ತಂತಿಗಳನ್ನು ಟ್ಯೂನರಿನಲ್ಲಿ ನೋಡಿದರೆ ಹಸಿರು ದೀಪ. ಒಂದೊಂದೇ ಮೀಟಿದರೆ ಎಲ್ಲವೂ ಸರಿ. ಆದರೆ 'ಇ' ಕಾರ್ಡ್ ಹಿಡಿದು ಒಟ್ಟಿಗೆ ಮೀಟಿದರೆ ಹುಳಿ. ಹಾಲಿಗೆ ಲಿಂಬೆ ಬಿದ್ದ ಹಾಗೆ. ಅವಳು ಮತ್ತೆ ಶ್ರುತಿ ಮಾಡಿದಳು, ಮತ್ತೆ ಹಿಡಿದಳು, ಮತ್ತೆ ಹುಳಿ. ವಾರಕ್ಕೊಮ್ಮೆ ಹೋಗುವ ಕ್ಲಾಸಿನಲ್ಲಿ ಕೇಳಿದ್ದಕ್ಕೆ, "ಟ್ಯೂನರ್ ಸರಿ ಎಂದರೆ ಸರಿ. ನಿನ್ನ ಕಿವಿ ಇನ್ನೂ ಪಳಗಬೇಕು" ಎಂಬ ಉತ್ತರ ಬಂತು. ಮನೆಗೆ ಬಂದು ನನ್ನನ್ನು ಕೇಳಿದಳು. ನಾನೂ ಪೇಪರಿನಿಂದ ತಲೆಯೆತ್ತದೆ ಅದನ್ನೇ ಹೇಳಿದೆ. ಯಂತ್ರ ಸುಳ್ಳು ಹೇಳುತ್ತದೆಯೇ?

ಹನ್ನೊಂದನೆಯ ದಿನ ಗಿಟಾರು ಚೀಲ ಸೇರಿತು, ಚೀಲ ಮಂಚದಡಿ ಸೇರಿತು. "ನನಗೆ ಕಿವಿ ಇಲ್ಲ ಅಪ್ಪ, ಸುಮ್ಮನೆ ದುಡ್ಡು ಹಾಳು" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ನಾನೂ ಹತ್ತು ವರ್ಷದವನಿದ್ದಾಗ ಭಜನಾ ಮಂಡಳಿಯ ಹಾರ್ಮೋನಿಯಂ ಮುಂದೆ ಇಂಥದ್ದೇ ಒಂದು ಮಾತು ಕೇಳಿ ಎದ್ದು ಬಂದವನು, ಮತ್ತೆ ಆ ಪೆಟ್ಟಿಗೆ ಮುಟ್ಟಲಿಲ್ಲ.

ನಮ್ಮಮ್ಮನಿಗೆ ಎಪ್ಪತ್ತೆಂಟು. ಚಿಕ್ಕಂದಿನಿಂದ ವೀಣೆ ನುಡಿಸಿದವರು. ಈಗ ಗಂಟುನೋವಿನಿಂದ ಬೆರಳು ಓಡುವುದಿಲ್ಲ, ಆದರೂ ವಾರಕ್ಕೊಮ್ಮೆ ವೀಣೆಯ ಧೂಳು ಒರೆಸಿ ಶ್ರುತಿ ಮಾಡಿಡುತ್ತಾರೆ. ಗಿಟಾರು ಮೌನವಾದ ಮೂರನೆಯ ದಿನ ಮೊಮ್ಮಗಳನ್ನು ಕರೆದು, "ಆ ನಿನ್ನ ಪೆಟ್ಟಿಗೆ ತಾ, ನನಗೆ ನೋಡಲಿಕ್ಕುಂಟು" ಎಂದರು. ಅವಳು ಒಲ್ಲದ ಮನಸ್ಸಿನಿಂದ ತಂದು, ಆಂಪ್ಲಿಫೈಯರಿಗೆ ಜೋಡಿಸದೆ, ಬರಿದೇ 'ಇ' ಕಾರ್ಡ್ ಮೀಟಿದಳು.

ಅಮ್ಮ ಕಣ್ಣು ಮುಚ್ಚಿ ಕೇಳಿದರು. "ಇನ್ನೊಮ್ಮೆ." ಮೀಟಿದಳು. "ಷಡ್ಜ ಸರಿ ಉಂಟು. ಪಂಚಮ ಸರಿ ಉಂಟು. ಗಾಂಧಾರ ಏರಿದೆ. ಆ ಗಾಂಧಾರ ಯಾವ ತಂತಿಯಲ್ಲಿ ಬರುವುದು?"

'ಇ' ಕಾರ್ಡ್‌ನಲ್ಲಿ ಆರು ತಂತಿಗಳಿಂದ ಬರುವುದು ಮೂರೇ ಸ್ವರ: ಷಡ್ಜ ಮೂರು ಕಡೆ, ಪಂಚಮ ಎರಡು ಕಡೆ, ಅಂತರ ಗಾಂಧಾರ ಒಂದೇ ಕಡೆ. ಆ ಒಂದು ಇರುವುದು ಮೂರನೆಯ ತಂತಿಯ ಮೊದಲ ಫ್ರೆಟ್‌ನಲ್ಲಿ. ಮಗಳು ಆ ತಂತಿಯನ್ನು ಒತ್ತದೆ ಮೀಟಿ ಟ್ಯೂನರ್ ನೋಡಿದಳು, ಹಸಿರು. ಮೊದಲ ಫ್ರೆಟ್ ಒತ್ತಿ ಮೀಟಿದಳು. ಮುಳ್ಳು ಬಲಕ್ಕೆ ಸರಿದು 18ರಲ್ಲಿ ನಿಂತಿತು. ಎರಡು ಅಕ್ಕಪಕ್ಕದ ಫ್ರೆಟ್‌ಗಳ ನಡುವಿನ ಅಂತರವನ್ನು ನೂರು ಭಾಗ ಮಾಡಿದರೆ ಒಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ಅಂಥ 18 ಸೆಂಟ್ ಹೆಚ್ಚು.

ಇಷ್ಟು ದಿನ ಯಾರೂ ಒತ್ತಿದ ಸ್ವರವನ್ನು ಟ್ಯೂನರಿಗೆ ಕೇಳಿಸಿರಲೇ ಇಲ್ಲ! ಖಾಲಿ ತಂತಿ ಹಸಿರು ತೋರಿಸಿದ್ದೇ ಸಾಕೆಂದು ಕ್ಲಾಸಿನಲ್ಲೂ ಮನೆಯಲ್ಲೂ ತೀರ್ಪು ಕೊಟ್ಟಿದ್ದೆವು. ಹುಳಿಯೆಂದು ಹೇಳಿದ್ದು ಅವಳ ಕಿವಿ ಒಂದೇ, ಮತ್ತು ಅದು ಸರಿಯಾಗಿತ್ತು.

"ಮೇಳ ಸರಿ ಕೂತಿಲ್ಲ" ಎಂದರು ಅಮ್ಮ. ಸರಸ್ವತಿ ವೀಣೆಯ 24 ಮೆಟ್ಟಿಲುಗಳನ್ನು ಕೂರಿಸುವುದು ಮೇಣದ ಮೇಲೆ. ಬೇಸಗೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಸರಿದರೆ ಸ್ವರ ಕೆಡುತ್ತದೆ. ಮೇಳ ಕಟ್ಟುವವರು ಬಂದು ಮೇಣ ಕರಗಿಸಿ ಒಂದೊಂದೇ ಮೆಟ್ಟಿಲನ್ನು ಕಿವಿಯಿಂದ ಅಳೆದು ಮತ್ತೆ ಕೂರಿಸಬೇಕು. ವೀಣೆ ಇರುವ ಮನೆಯವರಿಗೆ ವಾದ್ಯದ ಮೇಲೆ ಸಂಶಯಪಡುವುದು ಹೊಸದಲ್ಲ.

"ಅಜ್ಜಿ, ಗಿಟಾರಿನ ಫ್ರೆಟ್ ಮೇಣದ್ದಲ್ಲ, ಮರಕ್ಕೆ ಬಡಿದು ಕೂರಿಸಿದ್ದು. ಸರಿಯುವುದಿಲ್ಲ."

"ಹಾಗಾದರೆ ತಂತಿ ಎತ್ತರಕ್ಕೆ ಕೂತಿರಬೇಕು."

ಇಲ್ಲಿ ಸ್ವಲ್ಪ ನಿಂತು ವಿಷಯ ಬಿಡಿಸುತ್ತೇನೆ, ಹೊಸ ಗಿಟಾರು ಬಂದಿರುವ ಬೇರೆ ಮನೆಗಳಿಗೂ ಬೇಕಾದೀತು.

ಗಿಟಾರಿನ ತಲೆ ಮತ್ತು ಕೊರಳು ಸೇರುವಲ್ಲಿ ಬಿಳಿಯ ಸಣ್ಣ ಪಟ್ಟಿಯೊಂದಿದೆ, ಅದಕ್ಕೆ ನಟ್ ಎನ್ನುತ್ತಾರೆ. ಅದರಲ್ಲಿ ಆರು ಗೀರುಗಳು, ಒಂದೊಂದರಲ್ಲಿ ಒಂದು ತಂತಿ. ಕಾರ್ಖಾನೆಯಲ್ಲಿ ಅಗ್ಗದ ಗಿಟಾರುಗಳಿಗೆ ಈ ಗೀರುಗಳನ್ನು ಬೇಕೆಂದೇ ತುಸು ಮೇಲುಮೇಲಾಗಿ ಕೊಯ್ದಿರುತ್ತಾರೆ. ಹೆಚ್ಚು ಆಳ ಕೊಯ್ದರೆ ತಂತಿ ಫ್ರೆಟ್‌ಗೆ ತಾಗಿ ಜರ್ರೆನ್ನುತ್ತದೆ, ನಟ್ಟೇ ಹಾಳು. ಕಡಿಮೆ ಕೊಯ್ದರೆ ಆಮೇಲೆ ಸರಿಮಾಡಬಹುದು. ಆದರೆ ಆ 'ಆಮೇಲೆ' ಎಷ್ಟೋ ಗಿಟಾರುಗಳ ಬಾಳಿನಲ್ಲಿ ಬರುವುದೇ ಇಲ್ಲ. ತಂತಿ ಎತ್ತರದಲ್ಲಿದ್ದಾಗ ಮೊದಲ ಫ್ರೆಟ್‌ಗೆ ಒತ್ತಬೇಕಾದರೆ ಅದನ್ನು ಹೆಚ್ಚು ಬಗ್ಗಿಸಬೇಕು, ಬಗ್ಗಿಸಿದರೆ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದರೆ ಸ್ವರ ಏರುತ್ತದೆ. ಖಾಲಿ ತಂತಿಗೆ ಈ ತೊಂದರೆ ಇಲ್ಲ, ಅದಕ್ಕೇ ಟ್ಯೂನರ್ ಹಸಿರು.

ಪರೀಕ್ಷೆ ಸುಲಭ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್‌ನ ಮೇಲೆ ಎಷ್ಟು ಸಂದಿಯಿದೆ ನೋಡಿ. ತಲೆಗೂದಲಿನಷ್ಟು ಇದ್ದರೆ ಚಂದ. ನಮ್ಮದರಲ್ಲಿ ಮದುವೆಯ ಕರೆಯೋಲೆಯ ರಟ್ಟು ಸಲೀಸಾಗಿ ನುಸುಳಿತು.

ಮುಂದಿನ ಶನಿವಾರ ಅಪ್ಪ ಮಗಳು ಬಸ್ಸು ಹತ್ತಿ ಮಂಗಳೂರಿಗೆ ಹೋದೆವು. ಗಿಟಾರಿಗೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಚೀಲ, ಅದರ ಮೇಲೆ ನನ್ನ ಕೊಡೆ. ವಾದ್ಯ ರಿಪೇರಿಯವರ ಅಂಗಡಿ ಎಂದರೆ ಒಂದು ಕೋಣೆ. ಗೋಡೆಯಲ್ಲಿ ತಂತಿಯಿಲ್ಲದ ಪಿಟೀಲುಗಳು, ಮೂಲೆಯಲ್ಲಿ ಹೊಟ್ಟೆ ಒಡೆದ ತಬಲ. ಅವರು ಗಿಟಾರನ್ನು ಮೊದಲು ಮೀಟಲಿಲ್ಲ. ಕೋವಿಯ ಗುರಿ ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ ಕೊರಳಿನುದ್ದಕ್ಕೂ ನೋಡಿದರು.

ಅವರು ಮಾಡಿದ್ದು ಮೂರು ಕೆಲಸ. ಕೊರಳಿನ ಒಳಗೆ ಉದ್ದಕ್ಕೂ ಒಂದು ಕಬ್ಬಿಣದ ಸಲಾಕೆ ಇರುತ್ತದೆ, ಟ್ರಸ್ ರಾಡ್. ತಂತಿಗಳು ಕೊರಳನ್ನು ಮುಂದಕ್ಕೆ ಬಗ್ಗಿಸಲು ಎಳೆದರೆ ಈ ಸಲಾಕೆ ಹಿಂದಕ್ಕೆ ಹಿಡಿಯುತ್ತದೆ. ಮಳೆಗಾಲದಲ್ಲಿ ಮರ ನೀರು ಹೀರಿದಾಗ, ಚಳಿಗಾಲದಲ್ಲಿ ಒಣಗಿದಾಗ, ಈ ಹಗ್ಗಜಗ್ಗಾಟದ ಲೆಕ್ಕ ತಪ್ಪುತ್ತದೆ. ಕೀಲಿಯಿಂದ ಕಾಲು ಸುತ್ತು ತಿರುಗಿಸಿದರು, ಅಷ್ಟೇ. ಆಮೇಲೆ ಕೊರೆಯುವ ಸಣ್ಣ ಅರಗಳಿಂದ ನಟ್‌ನ ಗೀರುಗಳನ್ನು ಆಳ ಮಾಡಿದರು. ಎರಡು ಸಲ ಉಜ್ಜುವುದು, ತಂತಿ ಕೂರಿಸಿ ನೋಡುವುದು, ಮತ್ತೆ ಎರಡು ಸಲ ಉಜ್ಜುವುದು. ಪ್ರತಿ ತಂತಿಯ ದಪ್ಪಕ್ಕೂ ಬೇರೆ ಅರ. ಮನೆಯಲ್ಲಿ ಯಾರೂ ಕೈಹಾಕಬಾರದ ಕೆಲಸವಿದ್ದರೆ ಇದೇ, ಕೊರೆದದ್ದನ್ನು ಮತ್ತೆ ತುಂಬಲಾಗುವುದಿಲ್ಲ.

ಮೂರನೆಯದು ಕುದುರೆಯ ಕೆಲಸ. ವೀಣೆಗೆ ಒಂದೇ ಕುದುರೆ, ಎಲೆಕ್ಟ್ರಿಕ್ ಗಿಟಾರಿನಲ್ಲಿ ಆರು ತಂತಿಗೂ ಆರು ಮರಿಕುದುರೆಗಳು. ಇವಕ್ಕೆ ಸ್ಯಾಡಲ್ ಎಂದು ಹೆಸರು, ಅಂದರೆ ಜೀನು. ಕನ್ನಡದವರು ಕುದುರೆ ಎಂದರೆ ಇಂಗ್ಲಿಷಿನವರು ಜೀನು ಎಂದಿದ್ದಾರೆ! ಒಂದೊಂದನ್ನೂ ಸ್ಕ್ರೂನಿಂದ ಮುಂದೆ ಹಿಂದೆ ಸರಿಸಬಹುದು. 12ನೇ ಫ್ರೆಟ್ ತಂತಿಯ ಸರಿ ನಡುಮಧ್ಯದಲ್ಲಿದೆ. ಅಲ್ಲಿ ಬೆರಳನ್ನು ತಾಗಿಸಿಯೂ ತಾಗಿಸದಂತೆ ಇಟ್ಟು ಮೀಟಿದರೆ ಗಂಟೆಯಂಥ ಮೇಲಿನ ಷಡ್ಜ ಬರುತ್ತದೆ. ಅಲ್ಲೇ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಒತ್ತಿದ್ದು ಏರಿ ಕೇಳಿದರೆ ಮರಿಕುದುರೆಯನ್ನು ಕೊರಳಿನಿಂದ ದೂರ ಸರಿಸಿ ತಂತಿಯನ್ನು ಉದ್ದ ಮಾಡಬೇಕು, ಇಳಿದು ಕೇಳಿದರೆ ಹತ್ತಿರ ತರಬೇಕು. ಇದನ್ನು ಮಾತ್ರ ಮನೆಯಲ್ಲೇ ಮಾಡಬಹುದು. ಮಗಳ ಕೈಗೇ ಸ್ಕ್ರೂಡ್ರೈವರ್ ಕೊಟ್ಟು ಎರಡು ತಂತಿ ಅವಳಿಂದಲೇ ಮಾಡಿಸಿದರು.

ಇಷ್ಟೆಲ್ಲ ಸ್ಕ್ರೂ ಯಾಕೆ ಎಂದು ನೀವು ಕೇಳಬಹುದು. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರಿನ ಆಕಾರವನ್ನೇ ಇಂದು ಪ್ರಪಂಚದ ಲಕ್ಷಾಂತರ ಗಿಟಾರುಗಳು ಹೊತ್ತಿವೆ, ನಮ್ಮನೆಯದೂ ಸೇರಿ. ಅದನ್ನು ತಯಾರಿಸಿದ ಕಂಪನಿಯ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಬಿಚ್ಚಬಹುದಾದ, ಬಿಗಿಯಬಹುದಾದ, ಕೆಟ್ಟರೆ ಬದಲಾಯಿಸಬಹುದಾದ ವಾದ್ಯ ಮಾಡಿದರು, ಕೊರಳನ್ನೂ ನಾಲ್ಕು ಸ್ಕ್ರೂಗಳಿಂದ ದೇಹಕ್ಕೆ ಸೇರಿಸಿದರು. ಹಾಗಾಗಿ ಎಲೆಕ್ಟ್ರಿಕ್ ಗಿಟಾರು ಪೆಟ್ಟಿಗೆಯಿಂದ ಹೊರಬಂದಾಗ ಮುಗಿದ ವಸ್ತುವಲ್ಲ, ಹೊಲಿದು ತಂದ ಯೂನಿಫಾರಂ ಇದ್ದ ಹಾಗೆ. ಅಲ್ಲಲ್ಲಿ ಹಿಡಿಯಬೇಕು, ಬಿಡಬೇಕು.

ಮತ್ತೆ ಅಂಗಡಿಗೆ. ಎಲ್ಲ ಮುಗಿದ ಮೇಲೆ ಮಗಳು ಮೂರನೇ ತಂತಿಯ ಮೊದಲ ಫ್ರೆಟ್ ಒತ್ತಿ ಟ್ಯೂನರ್ ನೋಡಿದಳು. 18 ಇದ್ದದ್ದು ಇಳಿದಿತ್ತು, ಆದರೆ ಸೊನ್ನೆಗಲ್ಲ, 7ಕ್ಕೆ. ಅವಳ ಮುಖ ಬಾಡಿತು. ರಿಪೇರಿಯವರು ತಾವೇ ಒತ್ತಿ ಮೀಟಿದರು. ಒಂದೋ ಎರಡೋ ಅಷ್ಟೇ. "ಉಳಿದ ಐದು ನಿನ್ನ ಬೆರಳಿನದು ಮಗಾ" ಎಂದರು.

ಅಕೂಸ್ಟಿಕ್‌ನ ಬಿಗಿ ತಂತಿಗೆ ಒಗ್ಗಿದ ಕೈ, ನೂಲಿನಂಥ ತಂತಿಯನ್ನೂ ಅದೇ ಬಲದಿಂದ ಅದುಮುತ್ತಿತ್ತು. ಮೇಲಾಗಿ ಹೊಸ ಗಿಟಾರಿನ ಫ್ರೆಟ್‌ಗಳು ಸವೆದಿರುವುದಿಲ್ಲ, ಎತ್ತರವಾಗಿರುತ್ತವೆ. ಅದುಮಿದಷ್ಟೂ ತಂತಿ ಫ್ರೆಟ್‌ಗಳ ನಡುವೆ ಇಳಿದು ಸ್ವರ ಏರುತ್ತದೆ. ಅದರಲ್ಲೂ ಮೂರನೇ ತಂತಿಯ ವಿಚಾರ ಬೇರೆ. ಅಕೂಸ್ಟಿಕ್‌ನಲ್ಲಿ ಸಾಮಾನ್ಯವಾಗಿ ಅದಕ್ಕೆ ಸುರುಳಿ ಸುತ್ತಿರುತ್ತದೆ, ಎಲೆಕ್ಟ್ರಿಕ್‌ನಲ್ಲಿ ಬರಿಯ ಉಕ್ಕಿನ ತಂತಿ. ಸ್ವಲ್ಪ ಅದುಮಿದರೂ ಬೇಗ ಏರುವುದು ಅದೇ.

ಅವರು ಹೇಳಿಕೊಟ್ಟ ಅಭ್ಯಾಸ ಇದು. ತಂತಿಯ ಮೇಲೆ ಬೆರಳನ್ನು ಸುಮ್ಮನೆ ಇಟ್ಟು ಮೀಟುತ್ತಿರಬೇಕು, ಮೊದಲು ಟಪ್ ಟಪ್ ಎಂಬ ಸತ್ತ ಸದ್ದು. ಮೆಲ್ಲ ಮೆಲ್ಲಗೆ ಒತ್ತುತ್ತ ಹೋಗಬೇಕು, ಜರ್ರೆನ್ನುತ್ತದೆ. ಇನ್ನೂ ಒಂದಿಷ್ಟು, ಸ್ವರ ಸ್ವಚ್ಛವಾಗುತ್ತದೆ. ಅಲ್ಲಿಗೆ ನಿಲ್ಲಬೇಕು. ಫ್ರೆಟ್‌ನ ಹತ್ತಿರಕ್ಕೇ ಬೆರಳು ಇಟ್ಟರೆ ಇನ್ನೂ ಕಡಿಮೆ ಬಲ ಸಾಕು. ಮಗಳು ಅಂಗಡಿಯ ಬೆಂಚಿನಲ್ಲಿ ಕೂತು ಹತ್ತು ನಿಮಿಷ ಟಪ್, ಜರ್ರ್, ಟಿಂಗ್ ಮಾಡಿದಳು. ಬಿಲ್ಲು 1,200 ರೂಪಾಯಿ. ಗಿಟಾರು ಕೊಳ್ಳುವ ಲೆಕ್ಕದಲ್ಲಿ ಈ ದುಡ್ಡನ್ನು ಮೊದಲೇ ಸೇರಿಸಿಟ್ಟುಕೊಳ್ಳುವುದು ಒಳ್ಳೆಯದು, ಬಣ್ಣದ ಬೆಲ್ಟು ಆಮೇಲೆ ಬರಲಿ.

ಬಸ್ಸಿನಲ್ಲಿ ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ಬಂಟ್ವಾಳ ದಾಟಿದ ಮೇಲೆ, "ಹಾಗಾದರೆ ನನ್ನ ಕಿವಿ ಸರಿ ಇದೆ, ಕೈ ಸರಿ ಇಲ್ಲ" ಎಂದಳು. ನಾನು, "ಕಿವಿಯ ವಿಷಯದಲ್ಲಿ ನಾನು ತಪ್ಪು ಹೇಳಿದೆ" ಎಂದೆ. "ಪರವಾಗಿಲ್ಲ" ಎಂದು ಕಿಟಕಿಯ ಕಡೆ ತಿರುಗಿದಳು. ಅದು ಪೂರ್ತಿ ಪರವಾಗಿಲ್ಲ ಅಲ್ಲ ಎಂದು ನನಗೆ ಗೊತ್ತಾಯಿತು.

ಆ ರಾತ್ರಿ ಊಟದ ಹೊತ್ತಿಗೆ ಅವಳಿಗೊಂದು ಕಥೆ ಹೇಳಿದೆ, ನಿಮಗೂ ಹೇಳುತ್ತೇನೆ. 1963ರಲ್ಲಿ ಲಂಡನ್ನಿನ ಹದಿನಾರರ ಹುಡುಗ ಬ್ರಯಾನ್ ಮೇ, ಬೇಕಾದ ಗಿಟಾರು ಕೊಳ್ಳಲು ದುಡ್ಡಿಲ್ಲದೆ, ಎಲೆಕ್ಟ್ರಾನಿಕ್ಸ್ ಗೊತ್ತಿದ್ದ ತನ್ನ ಅಪ್ಪನ ಜೊತೆ ಮನೆಯಲ್ಲೇ ಒಂದನ್ನು ಮಾಡಲು ಕೂತ. ಕೊರಳಿಗೆ ಹಳೆಯ ಬೆಂಕಿಗೂಡಿನ ಮೇಲಿನ ಮರ, ಅದರಲ್ಲಿ ಹುಳ ಕೊರೆದ ತೂತುಗಳಿದ್ದವು, ಬೆಂಕಿಕಡ್ಡಿ ತುಂಬಿ ಮುಚ್ಚಿದರು. ಫ್ರೆಟ್‌ಗಳ ನಡುವಿನ ಗುರುತಿನ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ಪ್ರಿಂಗುಗಳು ಹಳೆಯ ಮೋಟರ್‌ಸೈಕಲ್ಲಿನವು. ಸುಮಾರು ಎರಡು ವರ್ಷ ಹಿಡಿಯಿತು. ತಾನೇ ಸುತ್ತಿದ ಪಿಕಪ್‌ಗಳು ತಂತಿಯನ್ನು ಎಳೆದಾಗ ಬೇಡದ ಸದ್ದು ಮಾಡುತ್ತಿದ್ದವು, ಕೊನೆಗೆ ಅಂಗಡಿಯಿಂದ ಕೊಂಡು ತಂದು ಹಾಕಿದ. ಆ ಹುಡುಗ ಮುಂದೆ ಕ್ವೀನ್ ತಂಡದ ಗಿಟಾರ್ ವಾದಕನಾದ, 2002ರಲ್ಲಿ ಬಕಿಂಗ್‌ಹ್ಯಾಂ ಅರಮನೆಯ ಮಾಳಿಗೆಯ ಮೇಲೆ ನಿಂತು ಅದೇ ಗಿಟಾರು ನುಡಿಸಿದ. ಖಗೋಳ ವಿಜ್ಞಾನದ ಡಾಕ್ಟರೇಟನ್ನೂ 2007ರಲ್ಲಿ ಮುಗಿಸಿದ. ಮಗಳು ಕೇಳಿದ ಒಂದೇ ಪ್ರಶ್ನೆ: "ಅವರಪ್ಪ ಪೇಪರ್ ಓದುತ್ತಿರಲಿಲ್ಲವಾ?"

ಸರಿ, ಮುಂದೆ ಹೋಗೋಣ.

ಗಿಟಾರು ಮಂಚದಡಿಯಿಂದ ಹೊರಬಂದ ಮೇಲೆ ಮನೆಯೂ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಮೊದಲನೆಯದು ಗುಂಯ್ ಎಂಬ ಸದ್ದು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಕೂದಲೆಳೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವೇ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಆದರೆ ಆ ಸುರುಳಿಗೆ ತಂತಿ ಯಾವುದು, ಮನೆಯ 50 ಹರ್ಟ್ಸ್ ಕರೆಂಟು ಯಾವುದು ಎಂಬ ಭೇದವಿಲ್ಲ. ಟ್ಯೂಬ್‌ಲೈಟು, ಇನ್ವರ್ಟರು, ಮೊಬೈಲ್ ಚಾರ್ಜರು, ಎಲ್ಲದರ ಗೊಣಗಾಟವನ್ನೂ ಹಿಡಿದು ಕೇಳಿಸುತ್ತದೆ. ಇನ್ವರ್ಟರಿನಿಂದ ದೂರ ಕೂತು, ಗಿಟಾರನ್ನು ತುಸು ಆಚೀಚೆ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಅದು ಬಹುಮಟ್ಟಿಗೆ ಅಡಗುತ್ತದೆ. ನಮ್ಮಲ್ಲಿ ಆ ದಿಕ್ಕು ದೇವರ ಕೋಣೆಯ ಕಡೆ.

ಇನ್ನೊಂದು ತಮಾಷೆಯ ವಿಷಯವಲ್ಲ. ತಂತಿಗಳನ್ನು ಮುಟ್ಟಿದಾಗ ಗುಂಯ್ ಕಡಿಮೆಯಾಗುವುದು ಸಹಜ, ಏಕೆಂದರೆ ತಂತಿಗಳು ವಯರಿನ ಮೂಲಕ ಅರ್ತಿಂಗಿಗೆ ಸೇರಿರುತ್ತವೆ. ಆದರೆ ತಂತಿ ಮುಟ್ಟಿದಾಗ ಬೆರಳಿಗೆ ಚುರುಕ್ ಎಂದರೆ ಆ ಕ್ಷಣವೇ ಕೈಬಿಟ್ಟು, ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ಗಿದ್ದರೂ ಅರ್ತ್ ವಯರ್ ಜೋಡಿಸಿರುವುದಿಲ್ಲ. ನಮ್ಮ ಜಗಲಿಯ ಪ್ಲಗ್ಗೂ ಹಾಗೇ ಇತ್ತು ಎಂಬುದು ಗಿಟಾರಿನ ದೆಸೆಯಿಂದ ತಿಳಿಯಿತು. ಮೂರನೇ ಕಡ್ಡಿ ಮುರಿದ ಪ್ಲಗ್ಗು, ಒದ್ದೆ ಕಾಲು, ಗುಡುಗಿನ ಹೊತ್ತು, ಈ ಮೂರರಲ್ಲಿ ಯಾವುದಿದ್ದರೂ ಆಂಪ್ಲಿಫೈಯರ್ ಬೇಡ.

ದೇಹದ ಹೊಂದಾಣಿಕೆಯೂ ಉಂಟು. ಗಟ್ಟಿ ಮರದ ದೇಹದ ಈ ಗಿಟಾರು ಮೂರು ಕಿಲೋ ಮೀರಿ ತೂಗುತ್ತದೆ. ಕೂತಾಗ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಂತೆ ಬೆಲ್ಟನ್ನು ಗಿಡ್ಡ ಮಾಡಿಕೊಳ್ಳಬೇಕು, ವಿಡಿಯೋದಲ್ಲಿ ಕಾಣುವಂತೆ ಮೊಣಕಾಲಿಗೆ ಇಳಿಬಿಟ್ಟರೆ ಮಣಿಕಟ್ಟು ನೋಯುತ್ತದೆ. ಮತ್ತೆ, ಅಕೂಸ್ಟಿಕ್‌ನಲ್ಲಿ ಮೀಟಿದ್ದು ಬೇಗ ಆರಿಹೋಗುತ್ತದೆ. ಇಲ್ಲಿ ಆರುವುದಿಲ್ಲ, ಮೀಟದ ತಂತಿಯೂ ಜೊತೆಗೆ ಗುನುಗುತ್ತದೆ. ಬೇಡದ ತಂತಿಗಳನ್ನು ಅಂಗೈ ಅಂಚಿನಿಂದ, ಬಿಡುವಾಗಿರುವ ಬೆರಳಿನಿಂದ ಸುಮ್ಮನಿರಿಸುವುದೇ ಅರ್ಧ ವಿದ್ಯೆ. ತುಂಬಿದ ತರಗತಿಯ ಟೀಚರಿನ ಕೆಲಸ.

ಅಮ್ಮನಿಗೆ ಮಾತ್ರ ಇನ್ನೂ ಸಮಾಧಾನವಿರಲಿಲ್ಲ. ಟ್ಯೂನರಿನಲ್ಲಿ ಗಾಂಧಾರ ಹಸಿರಾದ ಮೇಲೂ, "ಒಂದು ಎಳೆ ಹೆಚ್ಚೇ ಉಂಟು" ಎನ್ನುತ್ತಿದ್ದರು. ಅವರ ಮಾತು ಸರಿಯೇ. ಗಿಟಾರಿನ ಫ್ರೆಟ್‌ಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುತ್ತವೆ, ಯಾವ ಸ್ವರವನ್ನು ಷಡ್ಜ ಮಾಡಿಕೊಂಡರೂ ಒಂದೇ ರೀತಿ ಕೇಳಲಿ ಎಂದು. ಅದಕ್ಕೆ ಕೊಟ್ಟ ಬೆಲೆ ಎಂದರೆ, ಷಡ್ಜ ಪಂಚಮಗಳ ನಡುವೆ ಹಾಯಾಗಿ ಕೂರುವ ಅಂತರ ಗಾಂಧಾರಕ್ಕಿಂತ ಗಿಟಾರಿನದು ಸುಮಾರು 14 ಸೆಂಟ್ ಮೇಲೆ. ಜಗತ್ತಿನ ಎಲ್ಲ ಗಿಟಾರುಗಳಲ್ಲೂ, ಪಿಯಾನೊಗಳಲ್ಲೂ, ಕೀಬೋರ್ಡುಗಳಲ್ಲೂ ಹಾಗೆಯೇ. ಮೊದಲ ದಿನಗಳಲ್ಲಿ ಈ 14ರ ಮೇಲೆ ನಟ್‌ನದೂ ಬೆರಳಿನದೂ ಸೇರಿ 18 ಕೂತಿತ್ತು. ಹುಳಿ ಅನ್ನಿಸದೆ ಇನ್ನೇನು?

ಈ 14ಕ್ಕೆ ಅರವಿಲ್ಲ, ಸ್ಕ್ರೂ ಇಲ್ಲ. ಅಮ್ಮ ತಮ್ಮ ವೀಣೆ ಎತ್ತಿಕೊಂಡು ಒಂದು ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ತೋರಿಸಿದರು, ಅದೇ ಮೆಟ್ಟಿಲಿನಿಂದ ಮೇಲಿನ ಎರಡು ಮೂರು ಸ್ವರ ಜಾರುತ್ತ ಬಂತು. ನೂಲಿನಂಥ ತಂತಿಯಿರುವ ಎಲೆಕ್ಟ್ರಿಕ್ ಗಿಟಾರಿನಲ್ಲೂ ಇದು ಸಾಧ್ಯ. ಯು. ಶ್ರೀನಿವಾಸ್ (1969–2014) ಜೋಡಿ ತಂತಿಗಳ ಮ್ಯಾಂಡೊಲಿನ್ನನ್ನು ಒಂಟಿ ತಂತಿಗಳ ಎಲೆಕ್ಟ್ರಿಕ್ ವಾದ್ಯ ಮಾಡಿಕೊಂಡು ಕರ್ನಾಟಕ ಸಂಗೀತದ ಗಮಕಗಳನ್ನು ಅದರಲ್ಲಿ ತಂದರು. ಪ್ರಸನ್ನ ಎಂಬ ಕಲಾವಿದರು ಎಲೆಕ್ಟ್ರಿಕ್ ಗಿಟಾರಿನಲ್ಲೇ ಕಛೇರಿ ಮಾಡುತ್ತಾರೆ. ಬೇಡವೆಂದಲ್ಲಿ ಸ್ವರವನ್ನು ಏರಿಸುತ್ತಿದ್ದ ಬೆರಳಿನ ಅದೇ ಬಲ, ಬೇಕೆಂದಲ್ಲಿ ಏರಿಸಲು ಬೇಕಾಗುತ್ತದೆ.

ದೀಪಾವಳಿಯ ಹೊತ್ತಿಗೆ ಮಳೆ ನಿಂತು ಹವೆ ಒಣಗಿತು. ಐದನೇ ಫ್ರೆಟ್‌ನ ಹತ್ತಿರ ಒಂದು ಸಣ್ಣ ಜರ್ರ್ ಕಾಣಿಸಿಕೊಂಡಿತು. ಮಗಳು ಯಾರನ್ನೂ ಕೇಳಲಿಲ್ಲ. ಒಂದು ಕಣ್ಣು ಮುಚ್ಚಿ ಕೊರಳು ನೋಡಿದಳು, ಕೀಲಿ ಹಾಕಿ ಎಂಟನೇ ಒಂದು ಸುತ್ತು ತಿರುಗಿಸಿದಳು, ಒಂದು ದಿನ ಬಿಟ್ಟು ಮತ್ತೆ ನೋಡಿದಳು. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿಟ್ಟಳು.

ಈಗ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಅಜ್ಜಿ ಮೊಮ್ಮಗಳ ಅರ್ಧ ಗಂಟೆ. ಆಂಪ್ಲಿಫೈಯರಿನ ಸದ್ದು ಕಡಿಮೆ, ಪಕ್ಕದ ಮನೆಯವರಿಗೆ ಸೀರಿಯಲ್ ಕೇಳಬೇಕಲ್ಲ. ಅವಳು ಗಾಂಧಾರದ ಫ್ರೆಟ್ ಬಿಟ್ಟು ಒಂದು ಫ್ರೆಟ್ ಕೆಳಗೆ ಒತ್ತಿ, ಅಲ್ಲಿಂದ ತಂತಿಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆಯುತ್ತಾಳೆ. ಸ್ವರ ಏರುತ್ತ ಬರುತ್ತದೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೈ ಎತ್ತಿರುತ್ತಾರೆ.

"ಇನ್ನೂ... ಇನ್ನೂ ಸ್ವಲ್ಪ... ಆ! ಅಲ್ಲೇ ನಿಲ್ಲಿಸು."